ಇಲ್ಲದ ಲೋಕಕ್ಕೊಬ್ಬ ಲೆಕ್ಕಿಗ: ಸೈನ್ಸ್ ಫಿಕ್ಷನ್, ಫ್ಯಾಂಟಸಿ ಸಂಪಾದಕರ ಕೆಲಸ

ಪ್ರಶ್ನೆ: ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಕ್ನಿಕಲ್ ರೈಟರ್. ಇಂಗ್ಲಿಷ್ ಎಂ.ಎ. ಆಗಿದೆ. ಹೈಸ್ಕೂಲಿನಿಂದಲೂ ಸೈನ್ಸ್ ಫಿಕ್ಷನ್, ಫ್ಯಾಂಟಸಿ ಬಿಟ್ಟು ಬೇರೆ ಓದಿದ್ದು ಕಡಿಮೆ. ನ್ಯೂಯಾರ್ಕ್, ಲಂಡನ್ನಿನ ಪ್ರಕಾಶನಗಳಲ್ಲಿ ಇಂಥ ಪುಸ್ತಕಗಳ ಸಂಪಾದಕರು ದಿನವಿಡೀ ಮಾಡುವ ಕೆಲಸವೇನು? ಆ ಕೆಲಸಕ್ಕೆ ಸೇರುವುದು ಹೇಗೆ? ಇಲ್ಲಿದ್ದುಕೊಂಡೇ ಕೈಹಾಕಲು ದಾರಿ ಇದೆಯೇ?

ಉತ್ತರ: ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಕನ್ನಡದ ಬಹುಪಾಲು ಪ್ರಕಾಶನಗಳಲ್ಲಿ ಸಂಪಾದಕ ಎಂಬ ಕುರ್ಚಿಯೇ ಇಲ್ಲ. ಲೇಖಕರು ಹಸ್ತಪ್ರತಿ ಕೊಡುತ್ತಾರೆ, ಡಿಟಿಪಿ ಆಗುತ್ತದೆ, ಲೇಖಕರೋ ಅವರ ಸ್ನೇಹಿತರೋ ಕರಡು ತಿದ್ದುತ್ತಾರೆ, ಪುಸ್ತಕ ಅಚ್ಚಿಗೆ ಹೋಗುತ್ತದೆ. ಹಾಗಾಗಿ ಸಂಪಾದಕರೆಂದರೆ ಕರಡು ತಿದ್ದುವವರು ಎಂದೇ ನಮ್ಮ ತಲೆಯಲ್ಲಿ ಕೂತಿದೆ. ನ್ಯೂಯಾರ್ಕ್, ಲಂಡನ್ನಿನಲ್ಲಿ ಇದು ಮೂರು ಬೇರೆ ಬೇರೆ ಕೆಲಸ, ಮಾಡುವವರೂ ಮೂವರು. ಅಕ್ಷರ, ಅಲ್ಪವಿರಾಮ, ಪುಟದ ಅಂಚು ನೋಡುವವರು ಪ್ರೂಫ್ ರೀಡರ್. ವ್ಯಾಕರಣ, ಕಾಗುಣಿತ, ಹೆಸರುಗಳ ಏಕರೂಪ ನೋಡುವವರು ಕಾಪಿ ಎಡಿಟರ್. ಈ ಇಬ್ಬರೂ ಹೆಚ್ಚಾಗಿ ಮನೆಯಿಂದಲೇ ಗುತ್ತಿಗೆಗೆ ಕೆಲಸ ಮಾಡುವವರು. ನೀವು ಕೇಳುತ್ತಿರುವುದು ಮೂರನೆಯವರ ಬಗ್ಗೆ: ಯಾವ ಪುಸ್ತಕ ಕೊಳ್ಳಬೇಕೆಂದು ಆರಿಸಿ, ಕಂಪನಿಯ ದುಡ್ಡು ಹಾಕಿಸಿ, ಲೇಖಕರ ಜೊತೆ ಕೂತು ಅದನ್ನು ಸರಿಮಾಡಿ, ಅಂಗಡಿಗೆ ತಲುಪುವವರೆಗೂ ಬೆನ್ನಿಗೆ ನಿಲ್ಲುವವರು.

ಇವರ ಮೇಜಿನ ಮೇಲೆ ಎರಡು ಲೆಕ್ಕದ ಪುಸ್ತಕಗಳಿರುತ್ತವೆ ಎಂದುಕೊಳ್ಳಿ. ಒಂದು ಕಥೆಯ ಲೆಕ್ಕ: ಲೇಖಕರು ಕಟ್ಟಿದ ಲೋಕಕ್ಕೆ ಅವರೇ ಹಾಕಿಕೊಂಡ ನಿಯಮ ಕೊನೆಯ ಪುಟದವರೆಗೂ ನಿಂತಿದೆಯೇ ಎಂಬುದು. ಇನ್ನೊಂದು ಕಂಪನಿಯ ಲೆಕ್ಕ. ಓದುಗರಾಗಿ ಬಂದವರಿಗೆ ಮೊದಲನೆಯದು ಹೇಗೋ ಒಲಿಯುತ್ತದೆ. ಈ ವೃತ್ತಿಯಲ್ಲಿ ಹೆಚ್ಚಿನವರು ಮುಗ್ಗರಿಸುವುದು ಎರಡನೆಯದರಲ್ಲಿ. ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ.

ದೊಡ್ಡ ಪ್ರಕಾಶನಗಳಿಗೆ ಹಸ್ತಪ್ರತಿ ಬರುವುದು ಬಹುತೇಕ ಲೇಖಕರ ಪರವಾಗಿ ವ್ಯವಹರಿಸುವ ಏಜೆಂಟರ ಮೂಲಕ. ಸಂಪಾದಕರು ಅದನ್ನು ಓದುವುದು ಸಂಜೆ, ರೈಲಿನಲ್ಲಿ, ಭಾನುವಾರ. ಆಫೀಸಿನ ಹೊತ್ತು ಇ-ಮೇಲ್, ಮೀಟಿಂಗ್, ಮುಖಪುಟ, ಕರಾರುಗಳಿಗೆ ಖರ್ಚಾಗಿಬಿಡುತ್ತದೆ. ಐವತ್ತು ಪುಟ ಓದುವಷ್ಟರಲ್ಲಿ ಬೇಕೋ ಬೇಡವೋ ಎಂಬುದು ಹೆಚ್ಚಾಗಿ ಗೊತ್ತಾಗಿರುತ್ತದೆ. ಬೇಕೆನಿಸಿದ್ದನ್ನು ಪೂರ್ತಿ ಓದಿ, ಇನ್ನಿಬ್ಬರು ಸಹೋದ್ಯೋಗಿಗಳಿಗೆ ಓದಿಸಿ, ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವ ಅಕ್ವಿಸಿಷನ್ ಮೀಟಿಂಗಿಗೆ ಒಯ್ಯುತ್ತಾರೆ. ಅಲ್ಲಿ ಕೂತಿರುವವರು ಪ್ರಕಾಶಕರು, ಮಾರಾಟ, ಪ್ರಚಾರ, ಹಣಕಾಸಿನವರು. ‘ಭಾಷೆ ಸೊಗಸಾಗಿದೆ’ ಎಂದರೆ ಅವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಅವರಿಗೆ ಬೇಕಾದದ್ದು ಮೂರು: ಎರಡು ವಾಕ್ಯದಲ್ಲಿ ಕಥೆ ಏನು, ಕಳೆದ ಎರಡು ಮೂರು ವರ್ಷದಲ್ಲಿ ಇಂಥದೇ ಓದುಗರನ್ನು ಮುಟ್ಟಿದ ಪುಸ್ತಕಗಳು ಯಾವುವು, ಮತ್ತು ಲಾಭನಷ್ಟದ ಹಾಳೆ. ಹೋಲಿಕೆಗೆ ಜಗತ್ತೆಲ್ಲ ಓದಿದ ಮಹಾಕಾದಂಬರಿಯ ಹೆಸರು ಹೇಳುವುದು ಹೊಸಬರ ತಪ್ಪು. ಆ ಮಾರಾಟ ಯಾರಿಗೂ ಮತ್ತೆ ಸಿಕ್ಕುವುದಿಲ್ಲ ಎಂಬುದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತು.

ಲಾಭನಷ್ಟದ ಹಾಳೆ ಹೇಗಿರುತ್ತದೆಂದು ಒಂದು ಕಲ್ಪಿತ ಲೆಕ್ಕ ಹಾಕಿ ತೋರಿಸುತ್ತೇನೆ. ಹೊಸ ಲೇಖಕರ ಫ್ಯಾಂಟಸಿ ಕಾದಂಬರಿ, ಗಟ್ಟಿ ರಟ್ಟಿನ ಪ್ರತಿಗೆ 28 ಡಾಲರ್, ಅಚ್ಚು ಹಾಕುವುದು 6,000 ಪ್ರತಿ. ಅಮೆರಿಕದಲ್ಲಿ ಮಾರಾಟವಾಗದ ಪ್ರತಿಗಳನ್ನು ಅಂಗಡಿಯವರು ವಾಪಸ್ ಕಳಿಸಬಹುದು, ಅದು 30% ಎಂದು ಹಿಡಿದರೆ ನಿಜವಾಗಿ ಮಾರಿದ್ದು 4,200. ಅರ್ಧ ಬೆಲೆ ಅಂಗಡಿ, ಸಗಟು ವ್ಯಾಪಾರಿಗಳ ಕಮಿಷನ್ನಿಗೆ ಹೋಗಿ ಪ್ರಕಾಶನಕ್ಕೆ ಪ್ರತಿಗೆ 14 ಡಾಲರ್, ಅಂದರೆ 58,800. ಇ-ಪುಸ್ತಕ 3,000 ಮಾರಿ ಪ್ರತಿಗೆ ಸುಮಾರು 10.50 ಕೈಗೆ ಬಂದರೆ 31,500. ಒಟ್ಟು ಬಂದದ್ದು 90,300. ಇನ್ನು ಖರ್ಚು: ಲೇಖಕರಿಗೆ ಮುಂಗಡ, ಅಂದರೆ ಮುಂದೆ ಬರುವ ರಾಯಲ್ಟಿಯಲ್ಲಿ ಮುರಿದುಕೊಳ್ಳುವ ಹಣ, 20,000. ಪ್ರತಿಗೆ 3 ಡಾಲರಿನಂತೆ ಅಚ್ಚಿನ ಖರ್ಚು 18,000. ಗೋದಾಮು, ಸಾಗಣೆಗೆ 9,000. ಮುಖಪುಟದ ಚಿತ್ರ, ಕಾಪಿ ಎಡಿಟಿಂಗ್, ಅಕ್ಷರ ಜೋಡಣೆಗೆ 8,000. ಪ್ರಚಾರಕ್ಕೆ 6,000. ಇಷ್ಟು ಕಳೆದರೆ 29,300 ಉಳಿಯಿತು. ಬಾಡಿಗೆ, ಸಂಬಳ ಇತ್ಯಾದಿ ಆಫೀಸಿನ ಖರ್ಚಿಗೆಂದು ಪ್ರಕಾಶನಗಳು ಆದಾಯದ ಒಂದು ಪಾಲನ್ನು ಎತ್ತಿಡುತ್ತವೆ. ಅದು 30% ಎಂದುಕೊಂಡರೆ 27,090. ಕೈಯಲ್ಲಿ ಉಳಿದದ್ದು 2,210 ಡಾಲರ್.

ಈಗ ವಾಪಸ್ ಬರುವ ಪ್ರತಿಗಳನ್ನು 30ರ ಬದಲು 45% ಮಾಡಿ ನೋಡಿ. ಮಾರಿದ್ದು 3,300ಕ್ಕೆ ಇಳಿದು, ಸಾಗಣೆ ಮತ್ತು ಆಫೀಸಿನ ಪಾಲನ್ನು ಒಟ್ಟು ಆದಾಯ ಇಳಿದ ಪ್ರಮಾಣದಲ್ಲೇ ಇಳಿಸಿಕೊಂಡರೂ ಐದು ಸಾವಿರ ಡಾಲರಿಗಿಂತ ಹೆಚ್ಚು ನಷ್ಟ. ಅಚ್ಚಿನ ಖರ್ಚು, ಮುಂಗಡ ಎರಡೂ ಇಳಿಯುವುದಿಲ್ಲ, ಅವು ಮೊದಲೇ ಕೈಬಿಟ್ಟ ದುಡ್ಡು. ಸಂಪಾದಕರು ಪುಸ್ತಕ ಇಷ್ಟಪಟ್ಟೂ ಮುಂಗಡ ಕಡಿಮೆ ಹೇಳುವುದು ಜಿಪುಣತನಕ್ಕಲ್ಲ. ಸಾಮಾನ್ಯ ಕರಾರಿನಲ್ಲಿ ಗಟ್ಟಿ ರಟ್ಟಿನ ಪುಸ್ತಕಕ್ಕೆ ರಾಯಲ್ಟಿ ಮೊದಲ 5,000 ಪ್ರತಿಗೆ ಮುಖಬೆಲೆಯ 10%, ಮುಂದಿನ 5,000ಕ್ಕೆ 12.5%, ಆಮೇಲೆ 15%. ಇ-ಪುಸ್ತಕಕ್ಕೆ ಬಂದ ಹಣದ 25%. ಮೇಲಿನ ಉದಾಹರಣೆಯಲ್ಲಿ ಲೇಖಕರು ಗಳಿಸಿದ್ದು 11,760 ಮತ್ತು 7,875 ಸೇರಿ 19,635. ಮುಂಗಡ ತೀರಲು ಇನ್ನೂ 365 ಡಾಲರ್ ಬಾಕಿ. ಮುಂಗಡ ತೀರಿದರೆ ಮಾತ್ರ ಪುಸ್ತಕ ಲಾಭದ್ದು ಎಂದು ಬಹಳ ಜನ ನಂಬಿದ್ದಾರೆ, ಅದು ತಪ್ಪು. ಇಲ್ಲಿ ಮುಂಗಡ ತೀರದೆಯೇ ಕಂಪನಿ ಎರಡು ಸಾವಿರ ಚಿಲ್ಲರೆ ಉಳಿಸಿದೆ.

ಈ ಹಾಳೆಯಲ್ಲಿ ಪುಟಸಂಖ್ಯೆಗೂ ಪಾತ್ರವಿದೆ. 1,20,000 ಪದದ ಕಾದಂಬರಿ ಸುಮಾರು 400 ಪುಟ. ಅಚ್ಚಾಗುವುದು 16 ಅಥವಾ 32 ಪುಟದ ಫಾರಂಗಳಲ್ಲಾದ್ದರಿಂದ 401ನೇ ಪುಟ ಎಂದರೆ ಇನ್ನೊಂದು ಫಾರಂ. 2,00,000 ಪದವಾದರೆ 650 ಪುಟ ದಾಟಿ, ಕಾಗದ ಹೆಚ್ಚಾಗಿ, ಒಂದು ಪೆಟ್ಟಿಗೆಗೆ ಹಿಡಿಯುವ ಪ್ರತಿ ಕಡಿಮೆಯಾಗಿ, ಅಂಗಡಿಯ ಕಪಾಟಿನಲ್ಲಿ ಎರಡು ಪುಸ್ತಕದ ಜಾಗ ತಿನ್ನುತ್ತದೆ. ಬೆಲೆಯನ್ನು ಮಾತ್ರ ಅದೇ ಪ್ರಮಾಣದಲ್ಲಿ ಏರಿಸಲಾಗದು. ಹೊಸಬರ ಫ್ಯಾಂಟಸಿ 90,000ದಿಂದ 1,20,000 ಪದದೊಳಗಿರಲಿ ಎಂದು ಏಜೆಂಟರು ಹೇಳುವುದರ ಹಿಂದೆ ಇರುವುದು ಈ ಅಚ್ಚುಮನೆಯ ಲೆಕ್ಕ.

ಲೆಕ್ಕ ಗೆದ್ದ, ಸೋತ ಎರಡು ಹಳೆಯ ಪ್ರಸಂಗಗಳನ್ನು ಈ ಕೆಲಸಕ್ಕೆ ಬರುವವರು ತಿಳಿದಿರಬೇಕು. ಫ್ರಾಂಕ್ ಹರ್ಬರ್ಟರ ‘ಡ್ಯೂನ್’ ಕಾದಂಬರಿಯನ್ನು ಇಪ್ಪತ್ತಕ್ಕೂ ಹೆಚ್ಚು ಪ್ರಕಾಶನಗಳು ಬೇಡವೆಂದಿದ್ದವು. ‘ಅನಲಾಗ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಅದನ್ನು ಓದಿ ಹುಡುಕಿಕೊಂಡು ಹೋದವರು ಚಿಲ್ಟನ್ ಪ್ರಕಾಶನದ ಸ್ಟರ್ಲಿಂಗ್ ಲೇನಿಯರ್. ಚಿಲ್ಟನ್ ಹೆಸರಾಗಿದ್ದದ್ದು ಕಾರು ರಿಪೇರಿ ಕೈಪಿಡಿಗಳಿಗೆ! ಪುಸ್ತಕ 1965ರಲ್ಲಿ ಬಂತು, ಮರುವರ್ಷ ಈ ಪ್ರಕಾರದ ಹೆಸರಾಂತ ಹ್ಯೂಗೊ ಪ್ರಶಸ್ತಿಯನ್ನು ಇನ್ನೊಂದು ಕಾದಂಬರಿಯೊಡನೆ ಹಂಚಿಕೊಂಡಿತು, ಮೊಟ್ಟಮೊದಲ ನೆಬ್ಯುಲಾ ಕಾದಂಬರಿ ಪ್ರಶಸ್ತಿಯೂ ಅದಕ್ಕೇ ಸಿಕ್ಕಿತು. ಆದರೆ ಖರ್ಚು ಹೆಚ್ಚು, ಆರಂಭದ ಮಾರಾಟ ಮಂದ. ಲೇನಿಯರ್ ಕೆಲಸ ಕಳೆದುಕೊಂಡರು. ಕಥೆಯ ಲೆಕ್ಕದಲ್ಲಿ ಅವರಷ್ಟು ಸರಿಯಾಗಿ ಊಹಿಸಿದವರು ಕಡಿಮೆ, ಆದರೆ ಕಂಪನಿಯ ಲೆಕ್ಕ ಕಾಯುವ ಅವಧಿಯೇ ಬೇರೆ.

ಸಂಪಾದಕಿ ಜೂಡಿ-ಲಿನ್ ಡೆಲ್ ರೇ ಎರಡೂ ಲೆಕ್ಕವನ್ನು ಒಟ್ಟಿಗೆ ಹಿಡಿದವರು. ಹುಟ್ಟಿನಿಂದಲೇ ಕುಬ್ಜತೆ ಇದ್ದ ಈಕೆ 1965ರಲ್ಲಿ ‘ಗ್ಯಾಲಕ್ಸಿ’ ಪತ್ರಿಕೆಯಲ್ಲಿ ಸಹಾಯಕಿಯಾಗಿ ಸೇರಿ, 1973ರಲ್ಲಿ ಬ್ಯಾಲಂಟೈನ್ ಬುಕ್ಸ್‌ಗೆ ಬಂದರು. ಇನ್ನೂ ತೆರೆಕಾಣದ, ಯಾರೂ ಕೇಳಿರದ ‘ಸ್ಟಾರ್ ವಾರ್ಸ್’ ಚಿತ್ರದ ಕಾದಂಬರಿ ರೂಪದ ಹಕ್ಕನ್ನು ಬ್ಯಾಲಂಟೈನ್ ಕೊಂಡದ್ದು ಅವರ ಕಾಲದಲ್ಲಿ. ಪುಸ್ತಕ 1976ರ ನವೆಂಬರಿನಲ್ಲಿ ಬಂತು, ಚಿತ್ರ ಬಂದದ್ದು 1977ರ ಮೇ ತಿಂಗಳಲ್ಲಿ. ಅದೇ ವರ್ಷ ಬ್ಯಾಲಂಟೈನ್ ಒಳಗೇ ಡೆಲ್ ರೇ ಹೆಸರಿನ ಉಪಪ್ರಕಾಶನ ಶುರುವಾಯಿತು. ಪತಿ ಲೆಸ್ಟರ್ ಫ್ಯಾಂಟಸಿ ನೋಡಿಕೊಂಡರೆ ಈಕೆ ಸೈನ್ಸ್ ಫಿಕ್ಷನ್. 1986ರಲ್ಲಿ ಜೂಡಿ-ಲಿನ್ ತೀರಿಕೊಂಡ ಮೇಲೆ ಶ್ರೇಷ್ಠ ಸಂಪಾದಕರ ಹ್ಯೂಗೊ ಘೋಷಣೆಯಾಯಿತು. ಬದುಕಿದ್ದಾಗ ಕೊಡದೆ ಈಗ ಕೊಡುತ್ತೀರಿ ಎಂದು ಲೆಸ್ಟರ್ ಅದನ್ನು ಸ್ವೀಕರಿಸಲಿಲ್ಲ. ಆ ಸಿಟ್ಟು ನ್ಯಾಯವಾದದ್ದೇ.

ಇನ್ನು ಕಥೆಯ ಲೆಕ್ಕ. ಕರಾರಾದ ಮೇಲೆ ಸಂಪಾದಕರು ಲೇಖಕರಿಗೆ ಬರೆಯುವ ಎಡಿಟ್ ಲೆಟರ್ ಐದರಿಂದ ಹನ್ನೆರಡು ಪುಟದ ಪತ್ರ. ಒಳ್ಳೆಯ ಪತ್ರ ಶುರುವಾಗುವುದು ಕಾದಂಬರಿ ಯಾವುದರ ಬಗ್ಗೆ ಎಂದು ತಾವು ಅರ್ಥಮಾಡಿಕೊಂಡದ್ದನ್ನು ಹೇಳುವುದರಿಂದ. ಸಂಪಾದಕರ ಅರ್ಥವೇ ತಪ್ಪಾಗಿದ್ದರೆ ಲೇಖಕರಿಗೆ ಅಲ್ಲೇ ಗೊತ್ತಾಗಲಿ, ಮುಂದಿನ ಹತ್ತು ಪುಟದ ಸಲಹೆ ವ್ಯರ್ಥವಾಗುವುದು ತಪ್ಪುತ್ತದೆ. ಆಮೇಲೆ ಎರಡೋ ಮೂರೋ ದೊಡ್ಡ ಸಮಸ್ಯೆಗಳು, ಆಮೇಲೆ ಅಧ್ಯಾಯವಾರು ಸಣ್ಣವು. ದೊಡ್ಡವು ಏಳೆಂಟಾದರೆ ಲೇಖಕರು ಕೈಚೆಲ್ಲುತ್ತಾರೆ. ಅಷ್ಟಿದ್ದರೆ ಅವುಗಳ ಕೆಳಗೆ ಒಂದೇ ಬೇರು ಇರುತ್ತದೆ, ಅದನ್ನು ಹುಡುಕಬೇಕು. ಉದಾಹರಣೆಗೆ, ನಡುವಿನ ನೂರು ಪುಟ ಜಾಳು, ಖಳನಾಯಕ ಪೇಲವ, ಕೊನೆ ದಿಢೀರ್ ಎಂಬ ಮೂರು ದೂರುಗಳ ಹಿಂದೆ, ಖಳನಾಯಕನಿಗೆ ಏನು ಬೇಕು ಎಂಬುದೇ ಬರೆದವರಿಗೆ ಸ್ಪಷ್ಟವಿಲ್ಲ ಎಂಬ ಒಂದೇ ಕಾರಣ ಇರುವುದು ಬಹಳ ಸಾಮಾನ್ಯ. ಪರಿಹಾರವನ್ನು ಬರೆದುಕೊಡಬಾರದು, ಪ್ರಶ್ನೆ ಕೇಳಬೇಕು. ಸಂಪಾದಕರು ಕೊಟ್ಟ ಪರಿಹಾರ ಸಂಪಾದಕರ ಪುಸ್ತಕಕ್ಕೆ ಹೊಂದುತ್ತದೆ, ಲೇಖಕರ ಪುಸ್ತಕಕ್ಕೆ ಹೊಂದುವುದು ಅಪರೂಪ. ತಿದ್ದಿ ಕೊಡಲು ಆರರಿಂದ ಎಂಟು ವಾರ ಕೊಡುವುದುಂಟು. ಎರಡನೇ ಸುತ್ತು ಇದ್ದೇ ಇರುತ್ತದೆ, ಮೂರನೆಯದೂ ಅಪರೂಪವಲ್ಲ.

ಬೇರೆ ಪ್ರಕಾರಗಳಲ್ಲಿ ಇಲ್ಲದ ಕೆಲಸ ಇಲ್ಲಿ ಒಂದಿದೆ. ಸಾಮಾಜಿಕ ಕಾದಂಬರಿಯಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಎಷ್ಟು ಹೊತ್ತು ಎಂದು ಓದುಗರಿಗೇ ಗೊತ್ತು. ಕಲ್ಪಿತ ರಾಜ್ಯದಲ್ಲಿ ಆ ದೂರವನ್ನು ಲೇಖಕರೇ ಹೇಳಬೇಕು, ಹೇಳಿದ ಮೇಲೆ ಪಾಲಿಸಬೇಕು. ಕುದುರೆ ಸವಾರ ದಿನಕ್ಕೆ 40–50 ಕಿಲೋಮೀಟರ್ ಹೋದಾನು, ಕಾಲ್ನಡಿಗೆಯ ಸೈನ್ಯ 20–25. ಸವಾರ ಎಂಟು ದಿನದಲ್ಲಿ ದಾಟಿದ ದಾರಿಯನ್ನು ಸೈನ್ಯ ಹತ್ತೇ ದಿನದಲ್ಲಿ ದಾಟಿದರೆ ಅಂಚಿನಲ್ಲಿ ಒಂದು ಪ್ರಶ್ನೆ ಬೀಳಬೇಕು. ಮಾಂತ್ರಿಕ ಕಣ್ಣುಮುಚ್ಚಿ ಬೇರೆ ಊರಿಗೆ ಹೋಗಬಲ್ಲನಾದರೆ ಕೋಟೆಗೆ ಮುತ್ತಿಗೆ ಹಾಕಿ ಮೂರು ತಿಂಗಳು ಕಾಯುವುದೇಕೆ? ಸತ್ತವರನ್ನು ಮೂರನೇ ಅಧ್ಯಾಯದಲ್ಲಿ ಬದುಕಿಸಿದ ಮೇಲೆ ಮೂವತ್ತನೇ ಅಧ್ಯಾಯದ ಸಾವಿಗೆ ಯಾರು ಅಳುತ್ತಾರೆ? ಮಂತ್ರಕ್ಕೆ ಬೆಲೆ ಇರಬೇಕು ಎಂದು ಎಲ್ಲರೂ ಹೇಳುತ್ತಾರೆ. ಆ ಬೆಲೆಯನ್ನು ನಾಯಕ ಪ್ರತಿಸಲವೂ ಕೊಟ್ಟನೇ, ಕಥೆಗೆ ಅನುಕೂಲವಾದಾಗ ಮಾತ್ರ ಕೊಟ್ಟನೇ ಎಂದು ಪುಟ ತಿರುವಿ ನೋಡುವವರು ಸಂಪಾದಕರು.

ಸೈನ್ಸ್ ಫಿಕ್ಷನ್ನಿನಲ್ಲಿ ಕ್ಯಾಲ್ಕ್ಯುಲೇಟರ್ ಪಕ್ಕದಲ್ಲೇ ಇರಲಿ. ಭೂಮಿಯಿಂದ ಮಂಗಳಕ್ಕೆ ರೇಡಿಯೊ ಸಂದೇಶ ತಲುಪಲು ಗ್ರಹಗಳ ಸ್ಥಾನ ನೋಡಿಕೊಂಡು 3ರಿಂದ 22 ನಿಮಿಷ, ಉತ್ತರಕ್ಕೆ ಅದರ ಎರಡರಷ್ಟು. ಫೋನಿನಲ್ಲಿ ಮಾತಾಡಿದಂತೆ ಜಗಳವಾಡುವ ದೃಶ್ಯ ನಿಲ್ಲುವುದಿಲ್ಲ. ಅದನ್ನೇ ಒಂದೊಂದು ಸಂದೇಶಕ್ಕೆ ಕಾಯುವ ದೃಶ್ಯ ಮಾಡಿದರೆ ಎಷ್ಟೋ ಸಲ ಬಿಗಿ ಹೆಚ್ಚುತ್ತದೆ. ತಿರುಗುವ ಬಾಹ್ಯಾಕಾಶ ನೆಲೆಯಲ್ಲಿ ಭೂಮಿಯಷ್ಟೇ ತೂಕ ಅನುಭವಕ್ಕೆ ಬರಬೇಕೆಂದರೆ, ನಿಮಿಷಕ್ಕೆ ಎರಡು ಸುತ್ತಾದರೆ ತ್ರಿಜ್ಯ ಸುಮಾರು 224 ಮೀಟರ್ ಬೇಕು. ಲೇಖಕರು 30 ಮೀಟರ್ ಎಂದು ಬರೆದಿದ್ದರೆ ನಿಮಿಷಕ್ಕೆ ಐದಾರು ಸುತ್ತು, ಒಳಗಿರುವವರಿಗೆ ತಲೆಸುತ್ತು. ಎಲ್ಲ ತಪ್ಪನ್ನೂ ತಿದ್ದಲೇಬೇಕೆಂದಿಲ್ಲ ಎಂಬುದೂ ನಿಜ. ಬೆಳಕಿಗಿಂತ ವೇಗದ ನೌಕೆ ಈ ಪ್ರಕಾರದ ಒಪ್ಪಂದ, ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಒಪ್ಪಂದ ಯಾವುದು, ಉದಾಸೀನ ಯಾವುದು ಎಂಬ ವಿವೇಚನೆ ಬರುವುದು ಈ ಪ್ರಕಾರದಲ್ಲಿ ನೂರಾರು ಪುಸ್ತಕ ಓದಿದ್ದರೆ ಮಾತ್ರ. ನಿಮ್ಮ ಹೈಸ್ಕೂಲಿನ ಓದು ಉಪಯೋಗಕ್ಕೆ ಬರುವುದು ಇಲ್ಲಿ.

ಲೋಕದ ವಿವರಣೆಯ ಹೊರೆಯೂ ಈ ಪ್ರಕಾರದ ಕಾಯಿಲೆ. ಮೊದಲ ಅಧ್ಯಾಯದಲ್ಲೇ ಸಾವಿರ ವರ್ಷದ ವಂಶಾವಳಿ ಸುರಿಯುವುದು, ‘ನಿನಗೆ ಗೊತ್ತಿರುವಂತೆ ನಮ್ಮ ರಾಜ...’ ಎಂದು ಇಬ್ಬರಿಗೂ ಗೊತ್ತಿರುವುದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು. ಪೂರ್ತಿ ಕತ್ತರಿಸಿದರೆ ಓದುಗ ದಾರಿ ತಪ್ಪುತ್ತಾನೆ. ಆ ಮಾಹಿತಿ ಯಾವ ಪಾತ್ರಕ್ಕೆ ಯಾವ ಹೊತ್ತಿನಲ್ಲಿ ಜರೂರು ಎಂದು ಕೇಳಿ, ಆ ಜಾಗಕ್ಕೆ ಸರಿಸುವುದು ಸರಿಯಾದ ಚಿಕಿತ್ಸೆ. ಒಂದೇ ಅಕ್ಷರದಿಂದ ಶುರುವಾಗುವ ನಾಲ್ಕು ಹೆಸರುಗಳನ್ನು ಮೊದಲ ಸುತ್ತಿನಲ್ಲೇ ಬದಲಿಸಿಬಿಡಿ, ಆಮೇಲೆ ಲೇಖಕರಿಗೆ ಮಮತೆ ಬಲಿಯುತ್ತದೆ.

ಕಾಪಿ ಎಡಿಟಿಂಗ್ ಹಂತದಲ್ಲಿ ಈ ಎಲ್ಲ ನಿಯಮಗಳೂ ಸ್ಟೈಲ್ ಶೀಟ್ ಎಂಬ ಕಡತಕ್ಕೆ ಇಳಿಯುತ್ತವೆ. ಇಂಗ್ಲಿಷ್ ಪುಸ್ತಕಕ್ಕೆ ಅಮೆರಿಕದಲ್ಲಿ ಆಧಾರ ‘ಷಿಕಾಗೊ ಮ್ಯಾನ್ಯುಯಲ್ ಆಫ್ ಸ್ಟೈಲ್’ ಎಂಬ ಬರವಣಿಗೆಯ ನಿಯಮಗಳ ಕೈಪಿಡಿ. ಅದರಲ್ಲಿ ಇಲ್ಲದ್ದೆಲ್ಲ ಶೀಟಿನಲ್ಲಿ: ಲೇಖಕರು ಹುಟ್ಟಿಸಿದ ಪ್ರತಿ ಪದ ಅಕಾರಾದಿಯಲ್ಲಿ, ಬಹುವಚನ ಹೇಗೆ, ದೊಡ್ಡಕ್ಷರವೋ ಸಣ್ಣದೋ, ಕೂಡುಗೆರೆ ಇದೆಯೋ ಇಲ್ಲವೋ. ಪಾತ್ರಗಳ ಕಣ್ಣಿನ ಬಣ್ಣ, ವಯಸ್ಸು, ಯಾವ ಕೈಗೆ ಗಾಯ. ದಿನವಾರು ಕಾಲರೇಖೆ, ಚಂದ್ರ ಎರಡಿದ್ದರೆ ಎರಡರದ್ದೂ. ಮತ್ತೆ, ಯಾವ ಗುಟ್ಟು ಯಾರಿಗೆ ಎಷ್ಟನೇ ಅಧ್ಯಾಯದಲ್ಲಿ ತಿಳಿಯಿತು ಎಂಬುದು. ಸರಣಿಯ ನಾಲ್ಕನೇ ಪುಸ್ತಕಕ್ಕೆ ಬಂದಾಗ ಈ ಕೊನೆಯದೇ ಪ್ರಾಣ ಉಳಿಸುವುದು. ಇಲ್ಲಿ ಆಗಾಗ ಆಗುವ ಅನಾಹುತ: ಈ ಪ್ರಕಾರ ಓದದ ಕಾಪಿ ಎಡಿಟರ್ ಲೇಖಕರ ಬೇಕೆಂದೇ ಮಾಡಿದ ವಿಚಿತ್ರ ಪದಗಳನ್ನೆಲ್ಲ ‘ಸರಿಪಡಿಸಿ’ ಕಳಿಸುತ್ತಾರೆ, ಲೇಖಕರು ಮುನ್ನೂರು ಕಡೆ ‘ಸ್ಟೆಟ್’, ಅಂದರೆ ಇದ್ದಂತೆಯೇ ಬಿಡಿ, ಎಂದು ಬರೆಯುತ್ತಾ ಒಂದು ವಾರ ಕಳೆಯುತ್ತಾರೆ. ಕಾಪಿ ಎಡಿಟರಿಗೆ ಮೊದಲೇ ಒಂದು ಪುಟದ ಟಿಪ್ಪಣಿ ಕಳಿಸಿದ್ದರೆ ಇದು ತಪ್ಪುತ್ತಿತ್ತು. ನಕ್ಷೆ ಬರೆಸುವುದಿದ್ದರೆ ಊರಿನ ಹೆಸರುಗಳ ಕಾಗುಣಿತ ಗಟ್ಟಿಯಾದ ಮೇಲೇ ಕಲಾವಿದರಿಗೆ ಕೊಡಿ. ಮುಂಚೆ ಕೊಟ್ಟರೆ ನಕ್ಷೆಯಲ್ಲಿ ಒಂದು ಊರು, ಪುಟದಲ್ಲಿ ಇನ್ನೊಂದು.

ಕರಾರಿನಿಂದ ಅಂಗಡಿಗೆ ಒಂದರಿಂದ ಒಂದೂವರೆ ವರ್ಷ. ಪುಸ್ತಕ ಬರುವ ಸುಮಾರು ಹತ್ತು ತಿಂಗಳ ಮುಂಚೆ ಮುಖಪುಟದ ಸೂಚನೆ, ಆಮೇಲೆ ಕ್ಯಾಟಲಾಗಿನ ಬರಹ, ಐದಾರು ತಿಂಗಳ ಮುಂಚೆ ವಿಮರ್ಶಕರಿಗೆ ಮುಂಗಡ ಪ್ರತಿ. ಬೆನ್ನುಡಿಯ ನೂರೈವತ್ತು ಪದ ಬರೆಯುವವರು ಹೆಚ್ಚಾಗಿ ಸಂಪಾದಕರೋ ಅವರ ಸಹಾಯಕರೋ. ಅದು ಕಾಣುವಷ್ಟು ಸುಲಭವಲ್ಲ.

ಸರಣಿಗಳಿಗೆ ಬೇರೆಯದೇ ಅಪಾಯವಿದೆ. ಮೂರು ಪುಸ್ತಕಕ್ಕೆ ಕರಾರಾಗಿ ಮೊದಲನೆಯದು ಮಂದವಾದರೆ, ಅಂಗಡಿಗಳು ಎರಡನೆಯದನ್ನು ಮೊದಲನೆಯದರಲ್ಲಿ ಮಾರಿದಷ್ಟೇ ತರಿಸುತ್ತವೆ, ಅದರಲ್ಲೂ ಸ್ವಲ್ಪ ವಾಪಸ್ ಹೋಗುತ್ತದೆ, ಮೂರನೆಯದಕ್ಕೆ ಇನ್ನೂ ಕಡಿಮೆ. ಹೀಗೆ ಸುಳಿಯಲ್ಲಿ ಇಳಿದ ಸರಣಿಯನ್ನು ಎತ್ತುವುದು ಕಷ್ಟ. ಮೊದಲ ಪುಸ್ತಕಕ್ಕೆ ತನ್ನದೇ ಆದ ಒಂದು ಮುಕ್ತಾಯ ಇರಲಿ ಎಂದು ಅನುಭವಸ್ಥ ಸಂಪಾದಕರು ಹಟ ಹಿಡಿಯುವುದು ಇದಕ್ಕೇ.

ಆಯ್ಕೆಯ ಅಧಿಕಾರದ ಇನ್ನೊಂದು ಮುಖವನ್ನೂ ಹೇಳಬೇಕು. ಜಾನ್ ಡಬ್ಲ್ಯು. ಕ್ಯಾಂಬೆಲ್ 1937ರಿಂದ 1971ರಲ್ಲಿ ಸಾಯುವವರೆಗೆ ‘ಅಸ್ಟೌಂಡಿಂಗ್’, ಮುಂದೆ ‘ಅನಲಾಗ್’ ಆದ ಪತ್ರಿಕೆಯನ್ನು ನಡೆಸಿ ಇಡೀ ಪ್ರಕಾರವನ್ನೇ ರೂಪಿಸಿದರು. ಲೇಖಕ ಐಸಾಕ್ ಅಸಿಮೋವರ ರೋಬೋಟ್ ನಿಯಮಗಳು ಗಟ್ಟಿಯಾದದ್ದು ಅವರ ಜೊತೆಗಿನ ಮಾತುಕತೆಯಲ್ಲಿ. ಅದೇ ಕ್ಯಾಂಬೆಲ್ಲರ ಜನಾಂಗೀಯ ನಿಲುವುಗಳು ಯಾರ ಕಥೆ ಅಚ್ಚಾಗಬೇಕೆಂಬುದನ್ನೂ ತೀರ್ಮಾನಿಸಿದವು. ಹೊಸ ಬರಹಗಾರರಿಗೆ ಅವರ ಹೆಸರಿನಲ್ಲಿ ಕೊಡುತ್ತಿದ್ದ ಪ್ರಶಸ್ತಿಯ ಹೆಸರನ್ನು 2019ರಲ್ಲಿ ಬದಲಿಸಲಾಯಿತು.

ಈಗ ನೌಕರಿ. ಮೆಟ್ಟಿಲು ಹೀಗೆ: ಎಡಿಟೋರಿಯಲ್ ಅಸಿಸ್ಟೆಂಟ್, ಅಸಿಸ್ಟೆಂಟ್ ಎಡಿಟರ್, ಅಸೋಸಿಯೇಟ್ ಎಡಿಟರ್, ಎಡಿಟರ್, ಸೀನಿಯರ್ ಎಡಿಟರ್, ಅದರ ಮೇಲೆ ಇನ್ನೆರಡು. ಒಂದೊಂದಕ್ಕೂ ಎರಡು ಮೂರು ವರ್ಷ. ಸಂಬಳ ಕಡಿಮೆ ಎಂಬುದು ಗುಟ್ಟೇನಲ್ಲ: 2022ರ ನವೆಂಬರಿನಲ್ಲಿ ಹಾರ್ಪರ್‌ಕಾಲಿನ್ಸ್ ನೌಕರರು ಮುಷ್ಕರ ಹೂಡಿದಾಗ ಅಲ್ಲಿ ಆರಂಭದ ಸಂಬಳ ವರ್ಷಕ್ಕೆ 45,000 ಡಾಲರ್. ಮೂರು ತಿಂಗಳ ನಂತರ ಆದ ಒಪ್ಪಂದದಲ್ಲಿ ಅದು 47,500ಕ್ಕೆ, 2025ರ ಹೊತ್ತಿಗೆ 50,000ಕ್ಕೆ ಏರುವುದೆಂದಾಯಿತು. ನ್ಯೂಯಾರ್ಕ್ ಬಾಡಿಗೆಗೆ ಇದು ಸಾಲದು. ಕೆಲಸ ಇರುವ ಜಾಗಗಳೂ ಬೆರಳೆಣಿಕೆ: ಅಮೆರಿಕದಲ್ಲಿ ಟಾರ್, ಡೆಲ್ ರೇ, ಏಸ್, ಆರ್ಬಿಟ್, ಡಾ (DAW), ಸಾಗಾ, ಹಾರ್ಪರ್ ವಾಯೇಜರ್, ಬೇನ್. ಬ್ರಿಟನ್ನಿನಲ್ಲಿ ಗೊಲಾಂಜ್, ಟಾರ್‌ನ ಬ್ರಿಟಿಷ್ ಶಾಖೆ, ಆರ್ಬಿಟ್, ಸೊಲಾರಿಸ್, ಆಂಗ್ರಿ ರೋಬೋಟ್ ಮುಂತಾದವು.

ಭಾರತದಿಂದ ನೇರ ಹೋಗಿ ಸೇರುವುದು ಬಹುತೇಕ ಆಗದ ಮಾತು, ಆಸೆ ಹುಟ್ಟಿಸುವುದು ಸರಿಯಲ್ಲ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಹೊಸ ಎಚ್-1ಬಿ ಉದ್ಯೋಗ ವೀಸಾ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಸಹಾಯಕರ ಎರಡು ವರ್ಷದ ಸಂಬಳ ಅದು. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾಕ್ಕೆ 2025ರ ಜುಲೈಯಿಂದ ಸಾಮಾನ್ಯ ಸಂಬಳದ ಮಿತಿ 41,700 ಪೌಂಡ್. ಹೊಸಬರಿಗೆ ರಿಯಾಯಿತಿ ಇದ್ದರೂ ಸಹಾಯಕ ಹುದ್ದೆಯ ಸಂಬಳ ಅದಕ್ಕೂ ಎಟಕುವುದು ಕಷ್ಟ. ಬ್ರಿಟನ್ನಿನ ಆಕ್ಸ್‌ಫರ್ಡ್ ಬ್ರೂಕ್ಸ್, ಯೂನಿವರ್ಸಿಟಿ ಕಾಲೇಜ್ ಲಂಡನ್ (ಯುಸಿಎಲ್), ಸ್ಟರ್ಲಿಂಗ್ ವಿಶ್ವವಿದ್ಯಾಲಯಗಳಲ್ಲಿ ಪಬ್ಲಿಷಿಂಗ್ ಸ್ನಾತಕೋತ್ತರ ಕೋರ್ಸ್ ಇದೆ. ಕೊಲಂಬಿಯಾದ ಪಬ್ಲಿಷಿಂಗ್ ಕೋರ್ಸ್ ಹೆಸರಾದದ್ದು. ಕೆಲಸ ಸಿಕ್ಕೇ ಸಿಗುತ್ತದೆಂದು ನಂಬಿ ಸಾಲ ಮಾಡಿ ಹೋಗಬೇಡಿ ಎಂಬುದು ನನ್ನ ಅಭಿಪ್ರಾಯ.

ಇಲ್ಲಿಂದಲೇ ತೆರೆಯುವ ಬಾಗಿಲು ಎರಡಿವೆ. ಮೊದಲನೆಯದು ಸಣ್ಣಕಥೆಯ ಪತ್ರಿಕೆಗಳು. ‘ಸ್ಟ್ರೇಂಜ್ ಹೊರೈಜನ್ಸ್’ 2000ದಿಂದಲೂ ಸ್ವಯಂಸೇವಕರೇ ನಡೆಸುವ ಅಂತರ್ಜಾಲ ಪತ್ರಿಕೆ. ಅಲ್ಲಿ, ಅಂಥ ಇತರ ಕಡೆಗಳಲ್ಲಿ ಬಂದ ಕಥೆಗಳ ಮೊದಲ ಓದಿಗೆ ಆಗಾಗ ಜನ ಬೇಕಾಗುತ್ತಾರೆ. ವಾರಕ್ಕೆ ಐದಾರು ಗಂಟೆ, ಸಂಬಳ ಇಲ್ಲ ಅಥವಾ ಹೆಸರಿಗೆ ಮಾತ್ರ. ಆದರೆ ವರ್ಷಕ್ಕೆ ಐನೂರು ಕಥೆ ಓದಿ ಪ್ರತಿಯೊಂದಕ್ಕೂ ಎರಡು ಸಾಲಿನ ಕಾರಣ ಬರೆದರೆ ಯಾವ ಕೋರ್ಸೂ ಕಲಿಸದ ಕಣ್ಣು ಬರುತ್ತದೆ. ಇದರ ಕಷ್ಟವೂ ಗೊತ್ತಿರಲಿ: ಯಂತ್ರದಿಂದ ಬರೆಸಿದ ಕಥೆಗಳ ಹಾವಳಿಗೆ ‘ಕ್ಲಾರ್ಕ್ಸ್‌ವರ್ಲ್ಡ್’ ಪತ್ರಿಕೆ 2023ರ ಫೆಬ್ರುವರಿ 20ರಂದು ಕಥೆ ತೆಗೆದುಕೊಳ್ಳುವುದನ್ನೇ ಸ್ವಲ್ಪ ಕಾಲ ನಿಲ್ಲಿಸಬೇಕಾಯಿತು.

ಎರಡನೆಯದು ಕಾಪಿ ಎಡಿಟಿಂಗ್. ಟೆಕ್ನಿಕಲ್ ರೈಟರ್ ಆದ ನಿಮಗೆ ಸ್ಟೈಲ್ ಗೈಡ್ ಪಾಲಿಸುವುದು, ಒಂದೇ ಪದವನ್ನು ನಾನೂರು ಪುಟದಲ್ಲಿ ಒಂದೇ ರೀತಿ ಇಡುವುದು, ವರ್ಡ್‌ನಲ್ಲಿ ಟ್ರ್ಯಾಕ್ ಚೇಂಜಸ್ ಎಲ್ಲ ರೂಢಿ. ಮರೆಯಬೇಕಾದದ್ದು ಒಂದೇ, ವಾಕ್ಯವನ್ನು ಚಪ್ಪಟೆ ಮಾಡುವ ಚಟ. ಬ್ರಿಟನ್ನಿನ ಸಂಪಾದಕರು, ಪ್ರೂಫ್ ರೀಡರುಗಳ ಸಂಘವಾದ ಸಿಐಇಪಿಯ ಪ್ರೂಫ್ ರೀಡಿಂಗ್, ಕಾಪಿ ಎಡಿಟಿಂಗ್ ಕೋರ್ಸುಗಳನ್ನು ಮನೆಯಿಂದಲೇ ಮಾಡಬಹುದು. ಕೋಲ್ಕತ್ತದ ಸೀಗಲ್ ಶಾಲೆಯಲ್ಲೂ ಸಂಪಾದನೆ ಕಲಿಸುತ್ತಾರೆ. ಕಾದಂಬರಿಯ ಕಾಪಿ ಎಡಿಟಿಂಗಿಗೆ ಅಮೆರಿಕದ ದರ ಪದಕ್ಕೆ ಎರಡು ಮೂರು ಸೆಂಟ್, ಗಂಟೆಗೆ ಸಾಗುವುದು 1,500ರಿಂದ 2,000 ಪದ. ಅಂದರೆ 1,20,000 ಪದದ ಪುಸ್ತಕಕ್ಕೆ 60ರಿಂದ 80 ಗಂಟೆ, ಎರಡು ಸೆಂಟಿನಂತೆ 2,400 ಡಾಲರ್. ಇದನ್ನು ಕೇಳಿ ಕಣ್ಣರಳಿಸಬೇಡಿ, ಮೊದಲ ವರ್ಷ ಅಂಥ ಎರಡು ಪುಸ್ತಕ ಸಿಕ್ಕರೆ ಹೆಚ್ಚು, ಬಹುಶಃ ಸ್ವಂತ ಖರ್ಚಿನಲ್ಲಿ ಪ್ರಕಟಿಸುವ ಲೇಖಕರಿಂದ, ಅರ್ಧ ದರಕ್ಕೆ.

ಭಾರತದಲ್ಲೂ ನೆಲ ನಿಧಾನವಾಗಿ ಹದವಾಗುತ್ತಿದೆ. ಹ್ಯಾಚೆಟ್ ಇಂಡಿಯಾ 2019ರಲ್ಲಿ ದಕ್ಷಿಣ ಏಷ್ಯಾದ ಸೈನ್ಸ್ ಫಿಕ್ಷನ್ ಕಥೆಗಳ ಸಂಕಲನ ತಂದಿತು. ಬೆಂಗಳೂರಿನ ಲಾವಣ್ಯ ಲಕ್ಷ್ಮೀನಾರಾಯಣ್ ಅವರ, ಬೆಂಗಳೂರಿನದೇ ಭವಿಷ್ಯವನ್ನು ಚಿತ್ರಿಸುವ ಕಾದಂಬರಿ 2020ರಲ್ಲಿ ಅದೇ ಪ್ರಕಾಶನದಿಂದ ಬಂತು. 2023ರಲ್ಲಿ ಸೊಲಾರಿಸ್ ಅದನ್ನು ಬೇರೆ ಹೆಸರಿಟ್ಟು ಬ್ರಿಟನ್ನಿನಲ್ಲಿ ತಂದಿತು, 2024ರ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಗೂ ಹೋಯಿತು. ಎರಡೂ ಆವೃತ್ತಿಗಳನ್ನು ಪಕ್ಕಪಕ್ಕ ಇಟ್ಟು ಹೆಸರು, ಮುಖಪುಟ, ಬೆನ್ನುಡಿ ಹೋಲಿಸಿ ನೋಡಿ. ಒಂದೇ ಕಥೆಯನ್ನು ಎರಡು ಮಾರುಕಟ್ಟೆಗೆ ಹೇಗೆ ಹೊರಡಿಸುತ್ತಾರೆಂಬುದಕ್ಕೆ ಇದಕ್ಕಿಂತ ಹತ್ತಿರದ ಪಾಠ ಸಿಗದು. ನಮ್ಮ ಪುರಾಣ, ಜಾನಪದ ಆಧರಿಸಿದ ಇಂಗ್ಲಿಷ್ ಫ್ಯಾಂಟಸಿ ಈಗ ಹೊರಗೆ ಹೆಚ್ಚು ಬರುತ್ತಿದೆ. ಯಕ್ಷನಿಗೂ ಯಕ್ಷಗಾನಕ್ಕೂ ವ್ಯತ್ಯಾಸ ಗೊತ್ತಿರುವ, ದೈವವನ್ನು ದೆವ್ವ ಎಂದು ಬರೆದರೆ ತಟ್ಟನೆ ಹಿಡಿಯುವ ಕಾಪಿ ಎಡಿಟರ್ ಅಲ್ಲಿ ವಿರಳ.

ಯಾರು ಯಾವ ಪುಸ್ತಕದ ಸಂಪಾದಕರು ಎಂದು ತಿಳಿಯಲು ಪುಸ್ತಕದ ಕೊನೆಯ ಕೃತಜ್ಞತೆಯ ಪುಟ ಓದಿ. ಮುಖಪುಟದಲ್ಲಿ ಅವರ ಹೆಸರಿರುವುದಿಲ್ಲ. ನಿಮಗೆ ಇಷ್ಟವಾದ ಮೂವತ್ತು ಪುಸ್ತಕಗಳ ಕೃತಜ್ಞತೆ ಓದಿದರೆ ನಾಲ್ಕೈದು ಹೆಸರು ಮತ್ತೆ ಮತ್ತೆ ಬರುತ್ತವೆ. ನಿಮ್ಮ ರುಚಿ ಯಾವ ಪ್ರಕಾಶನಕ್ಕೆ ಹೊಂದುತ್ತದೆಂಬುದು ಅಲ್ಲಿದೆ. ಅರ್ಜಿ ಹಾಕುವಾಗ ಹೆಚ್ಚಾಗಿ ಕೇಳುವುದು ಒಂದು ಪುಟದ ಓದಿನ ವರದಿ: ಕಥೆ ಒಂದು ಪ್ಯಾರಾ, ಬಲ, ದೌರ್ಬಲ್ಯ, ಹೋಲುವ ಎರಡು ಪುಸ್ತಕ, ಕೊಳ್ಳಬೇಕೋ ಬೇಡವೋ. ಕೊನೆಯದನ್ನು ‘ಆದರೂ’, ‘ಬಹುಶಃ’ ಸೇರಿಸದೆ ಬರೆಯಿರಿ. ಬೇಡ ಎಂದು ಬರೆಯಲು ಹಿಂಜರಿಯುವವರ ಬೇಕು ಎಂಬ ಮಾತಿಗೆ ಅಕ್ವಿಸಿಷನ್ ಮೀಟಿಂಗಿನಲ್ಲಿ ತೂಕವಿರುವುದಿಲ್ಲ.

ಕೊನೆಗೆ ಕಾಗದಪತ್ರ. ಅಮೆರಿಕದ ಪ್ರಕಾಶನಕ್ಕೆ ಇಲ್ಲಿ ಕೂತು ಕೆಲಸ ಮಾಡಿದರೆ ನೀವು ಅಮೆರಿಕದವರಲ್ಲ ಎಂದು ತಿಳಿಸುವ ಡಬ್ಲ್ಯು-8ಬೆನ್ ಎಂಬ ತೆರಿಗೆ ನಮೂನೆ ಕೇಳುತ್ತಾರೆ. ತುಂಬಿ ಕೊಡದಿದ್ದರೆ 30% ತೆರಿಗೆ ಅಲ್ಲೇ ಮುರಿದುಕೊಳ್ಳಬಹುದು. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸೇವೆಯ ರಫ್ತಾದ್ದರಿಂದ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ಜಿಎಸ್‌ಟಿ ಸೊನ್ನೆ. ಎಷ್ಟು ಸುತ್ತಿನ ತಿದ್ದುಪಡಿ ಈ ದರದಲ್ಲಿ ಸೇರಿದೆ ಎಂದು ಕರಾರಿನಲ್ಲೇ ಬರೆಸಿಕೊಳ್ಳಿ. ಫ್ಯಾಂಟಸಿ ಲೇಖಕರು ಕೊನೆಯ ವಾರದಲ್ಲಿ ರಾಜಧಾನಿಯ ಹೆಸರು ಬದಲಿಸುವವರು.